ಮಹಡಿ ಕೋಣೆಯ ತಮ್ಮ

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಹೆಣ್ಣನ್ನು ಪ್ರೀತಿಸುವ ಹೆಂಗಸರು ಸೇರುತ್ತಿದ್ದರು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಅವನು ಒಂಬತ್ತು ವರ್ಷ ಅಲ್ಲಿಗೆ ತಪ್ಪದೆ ಹೋಗಿದ್ದ. ಮೊದಮೊದಲು ಎಲ್ಲರೂ ಅವನನ್ನು ಹೆಣ್ಣೆಂದೇ ತಿಳಿದಿದ್ದರು. ಬೇರೆ ಮಾತು ಗೊತ್ತಿಲ್ಲದೆ ಅವನೂ ಹಾಗೇ ಅಂದುಕೊಂಡಿದ್ದ. ತಾನು ಗಂಡು ಎಂದು ಬಾಯಿಬಿಟ್ಟು ಹೇಳಿದ್ದೂ ಆ ಕೋಣೆಯಲ್ಲೇ. ಆಗ ಯಾರೂ ಹುಬ್ಬೇರಿಸಲಿಲ್ಲ.

ಗಂಡಿನ ಹಾರ್ಮೋನ್ ಚಿಕಿತ್ಸೆ ಶುರುವಾಗಿ, ದನಿ ಒಡೆದು, ಗಡ್ಡ ಮೂಡಿದ ಮೇಲೆ ಒಂದು ಭಾನುವಾರ ಅವನು ಮೆಟ್ಟಿಲಿನಿಂದ ಯಾರನ್ನೋ ಕೂಗಿದ. ಹೊಸದಾಗಿ ಬಂದಿದ್ದ ನರ್ಸ್ ಬೆಚ್ಚಿಬಿದ್ದು, ಗಂಡಸರು ಇಲ್ಲಿಗೂ ಬರುತ್ತಾರಾ ಎಂದು ಕೇಳಿದಳು. ತಪ್ಪು ಅವಳದಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಗಿಲಿಂದಲೇ ಮರಳಿದ.

ಏಳು ಭಾನುವಾರ ಹೋಗಲಿಲ್ಲ. ಗಂಡಸರ ನಡುವೆ ಕೂತರೆ ಅವರು ಹೆಂಡಿರ ಮೇಲೆ ಹೊಡೆಯುವ ಜೋಕಿಗೆ ಅವನಿಗೆ ನಗು ಬರುತ್ತಿರಲಿಲ್ಲ.

ಎಂಟನೆಯ ವಾರ ದರ್ಜಿ ಅಂಗಡಿಯ ಒಡತಿ, ಎಲ್ಲರ ದೊಡ್ಡಕ್ಕ, ಅವನ ಅಂಗಡಿಗೇ ಬಂದು ಸ್ಟೂಲ್ ಎಳೆದುಕೊಂಡು ಕೂತಳು. ಯಾಕೆ ಬರುತ್ತಿಲ್ಲ ಎಂದಳು.

ಅವನು ಬಿಚ್ಚಿಟ್ಟ ಮೆಷಿನ್ನಿನ ಬಾಬಿನ್ ಕೇಸಿನ ಧೂಳು ಒರೆಸುತ್ತಲೇ ಹೇಳಿದ: "ಹೆಂಗಸು ಅಂದ್ಕೊಂಡು ಕೂರಿಸ್ಕೊಂಡ್ರೆ ಅದು ನಾನಲ್ಲ ಅಕ್ಕ. ಗಂಡಸಾಗಿ ಬಂದ್ರೆ ಅದು ನನ್ನ ಜಾಗ ಅಲ್ಲ."

ದೊಡ್ಡಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಎರಡು ವಾರ ಇದನ್ನೇ ಮಾತಾಡಿದೆವು, ಒಬ್ಬಿಬ್ಬರಿಗೆ ಸರಿಬರಲಿಲ್ಲ, ಸುಳ್ಳು ಯಾಕೆ ಹೇಳಲಿ ಎಂದಳು. ಆದರೆ ಆ ನರ್ಸೇ, ವಿಷಯ ತಿಳಿದ ಮೇಲೆ, ತನ್ನಿಂದ ಆ ಕೋಣೆಯವನೇ ಹೊರಗಾದನಲ್ಲ ಎಂದು ಕೊರಗುತ್ತಿದ್ದಳಂತೆ.

"ಬಾ ತಂಗಿ" ಎಂದವಳು ನಾಲಿಗೆ ಕಚ್ಚಿಕೊಂಡಳು. "ಎಲುಬಿಲ್ಲದ ನಾಲಿಗೆ, ಹಳೇ ರೂಢಿ. ಬಾ ತಮ್ಮ. ಅಕ್ಕಂದಿರ ಮನೆಗೆ ತಮ್ಮ ಬರೋಕೆ ಯಾರ ಅಪ್ಪಣೆ ಬೇಕು?"

ಆ ಭಾನುವಾರ ಅವನು ಯಾರನ್ನೂ ಕೂಗದೆ ಮೆಟ್ಟಿಲು ಹತ್ತಿದ. ನರ್ಸ್ ಎದ್ದು ಬಂದು, ಹಿಂದೆ ಒಬ್ಬ ತನ್ನನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ್ದ, ಅದಕ್ಕೇ ಹೆದರಿದೆ ಎಂದು ಮೆಲ್ಲಗೆ ಹೇಳಿದಳು.

"ಈ ದನಿ ನನಗೂ ಹೊಸದು," ಎಂದ ಅವನು. "ಒಂದೊಂದು ಸಲ ನಾನೇ ಬೆಚ್ಚಿಬೀಳ್ತೀನಿ."

ಅವಳು ನಕ್ಕು, ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು.

ಕಿಟಕಿಯ ಬಳಿ ಕೂತಿದ್ದ ಒಬ್ಬಳು ಮಾತ್ರ ಅವನತ್ತ ತಲೆಯೆತ್ತಲಿಲ್ಲ. ಅದು ಚುಚ್ಚಿತು, ಆದರೂ ಎದ್ದು ಹೋಗಬೇಕೆನಿಸಲಿಲ್ಲ. ಅಷ್ಟರಲ್ಲಿ ಚಹಾಕ್ಕೆ ಇಷ್ಟೊಂದು ಸಕ್ಕರೆ ಸುರಿದವರು ಯಾರೆಂದು ಜಗಳ ಶುರುವಾಯಿತು. ಅವನೂ ಬಾಯಿ ಹಾಕಿದ. ಬಂದ ಕೂಡಲೇ ವಕೀಲಿಕೆ ಬೇಡ, ಲೋಟ ತೊಳಿ ಎಂದು ದೊಡ್ಡಕ್ಕ ಗದರಿದಳು. ಬೈಸಿಕೊಂಡು ಹೊಟ್ಟೆ ತಣ್ಣಗಾದದ್ದು ಅವನಿಗೆ ಅದೇ ಮೊದಲು.