ಬೂದು ರಟ್ಟಿನ ಕ್ಯಾಲ್ಕುಲಸ್

ಗಣಿತದ ಮೇಷ್ಟ್ರು ಮೂರು ಪುಸ್ತಕಗಳನ್ನು ತಂದು ಕೌಂಟರಿನ ಮೇಲಿಟ್ಟರು. ಲೈಬ್ರರಿಗೆ ಬಂದ ಹೊಸ ಪುಸ್ತಕಗಳಿರಬೇಕು ಎಂದುಕೊಂಡು ನಾನು ಇಂಕಿನ ಪ್ಯಾಡಿನ ಮುಚ್ಚಳ ತೆಗೆದೆ.

"ಅಯ್ಯೋ, ಮುದ್ರೆ ಹಾಕ್ಬೇಡಮ್ಮ! ಇವು ಇನ್ನೂ ನಮ್ಮವಲ್ಲ. ಪ್ರಕಾಶಕರು ನೋಡೋಕೆ ಕಳ್ಸಿರೋದು. ನೀನು ಓದ್ಬೇಕು."

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

"ನಿನಗೇ ಹೇಳ್ತಿರೋದು. ಎಲ್ಲೀವರೆಗೆ ಓದಿದೀಯ?"

"ಒಂಬತ್ತು ಮುಗ್ಸಿದೀನಿ ಸಾರ್. ಹತ್ತಕ್ಕೆ ಹೋಗ್ಲಿಲ್ಲ."

"ಕ್ಯಾಲ್ಕುಲಸ್ ಅಂದ್ರೆ ಗೊತ್ತಾ?"

"ಇಲ್ಲ ಸಾರ್."

"ಬಹಳ ಒಳ್ಳೇದಾಯ್ತು," ಎಂದು ಅವರು ಸ್ಟೂಲೆಳೆದು ಕೂತರು.

ಕಾಲೇಜಿನ ಮೊದಲ ವರ್ಷದವರಿಗೆ ಹೊಸ ಪಠ್ಯಪುಸ್ತಕ ಆರಿಸುವ ಕೆಲಸ ಅವರದು. ಅದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದರು. ವಿಷಯ ಗೊತ್ತಿಲ್ಲದವರ ಕೈಲಿ ಮೊದಲು ಓದಿಸಬೇಕು. ಗೊತ್ತಿರುವವರಿಗೆ ಎಲ್ಲ ಪುಸ್ತಕವೂ ಸುಲಭವೇ ಎಂಬುದು ಅವರ ವಾದ. "ಹೋದ ಸಲ ನಮ್ಮನೆಯವಳಿಗೆ ಕೊಟ್ಟಿದ್ದೆ. ಹಾಳಾದ್ದು, ಅವಳಿಗೆ ಅರ್ಥ ಆಗ್ಬಿಡ್ತು. ಇನ್ನು ಕೆಲಸಕ್ಕೆ ಬರಲ್ಲ. ನೀನು ಎಲ್ಲಿ ತಡವರಿಸ್ತೀಯೋ ಅಲ್ಲೊಂದು ಚೀಟಿ ಇಡು, ಅಷ್ಟೇ."

ಅಮ್ಮ ಹಾಸಿಗೆ ಹಿಡಿದ ವರ್ಷ ನಾನು ಶಾಲೆ ಬಿಟ್ಟಿದ್ದು. ಅಕ್ಕ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು, ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಅಮ್ಮ ಹೋದ ಮೇಲೆ ಈ ಕೆಲಸ ಸಿಕ್ಕಿತು: ಧೂಳು ಒರೆಸುವುದು, ಪುಸ್ತಕ ಜೋಡಿಸುವುದು, ಮುದ್ರೆ ಒತ್ತುವುದು. ಸುತ್ತ ಇಷ್ಟೊಂದು ಪುಸ್ತಕವಿದ್ದರೂ ಓದು ಎಂದು ಯಾರೂ ಹೇಳಿರಲಿಲ್ಲ. ಕೆಲಸದವರಿಗೆ ಕಾರ್ಡೂ ಇರಲಿಲ್ಲ.

ನೀಲಿ ಪುಸ್ತಕ ದಿಂಬಿನಷ್ಟು ದಪ್ಪ. ಎರಡನೇ ಪುಟದಲ್ಲೇ ಒಂದು ಚೀಟಿಯಿಟ್ಟು ಮುಚ್ಚಿದೆ. ಕೆಂಪು ಪುಸ್ತಕ ಸಲೀಸಾಗಿ ಸಾಗಿತು. ಮೇಲಿನ ಅಂಕಿಯನ್ನು ಕೆಳಗಿಳಿಸು, ಮೇಲೆ ಒಂದು ಕಳೆ ಎಂದಿತ್ತು, ಇಳಿಸಿದೆ, ಕಳೆದೆ. ಕೊನೆಯ ಪುಟದ ಉತ್ತರಗಳಿಗೆ ನನ್ನವು ತಾಳೆಯಾದವು. ಚೀಟಿಯೇ ಬೇಕಾಗಲಿಲ್ಲ.

ಬೂದು ರಟ್ಟಿನದು ಸಣ್ಣ ಪುಸ್ತಕ. ಅದರ ಮೊದಲ ಪುಟದಲ್ಲೊಂದು ಬಿಂದಿಗೆಯ ಚಿತ್ರ. ನಲ್ಲಿಯಿಂದ ನೀರು ಒಂದೇ ಸಮನೆ ಬೀಳುತ್ತಿದೆ. ಬಿಂದಿಗೆಯೊಳಗೆ ನೀರು ಒಂದೇ ಸಮನೆ ಏರುತ್ತದೆಯೇ? ಇಷ್ಟು ಕೇಳಿ ಪುಸ್ತಕ ಸುಮ್ಮನಾಗಿತ್ತು. ನಾನೂ ಅಲ್ಲೇ ನಿಂತೆ, ಒಂದು ಚೀಟಿಯಿಟ್ಟೆ. ಮುಂದಿನ ಪುಟದಲ್ಲೂ ಒಂದು. ಅದರ ಮುಂದಿನ ಪುಟದಲ್ಲಿ ಎರಡು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅಕ್ಕ ಬೆನ್ನಿಗೊಂದು ಗುದ್ದಿದಳು. "ಏನೇ ಇದು, ನೀರೆಲ್ಲ ಚೆಲ್ಲಿ ಹೋಗ್ತಿದೆ, ಹಾಗೇ ನೋಡ್ತಾ ನಿಂತಿದೀಯಲ್ಲ! ನಲ್ಲೀನೇ ಮದ್ವೆ ಆಗ್ತೀಯಾ?"

"ಹೊಟ್ಟೆ ಹತ್ರ ನಿಧಾನ, ಕತ್ತಿನ ಹತ್ರ ಬೇಗ ಏರುತ್ತೆ ಅಕ್ಕಾ."

"ನೀರು ಹಿಡಿಯೋ ಹೆಂಗಸ್ರಿಗೆಲ್ಲ ಗೊತ್ತಿರೋದೇ. ಅದಕ್ಕೂ ಒಂದು ಪುಸ್ತಕ ಬರ್ದಿದಾರಾ?"

"ಹೂಂ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಬಿಂದಿಗೆ ತಾನೇ ಎತ್ತಿಕೊಂಡು ಹೋದಳು.

ಮೇಷ್ಟ್ರು ವಾಪಸು ಬರುವ ಹೊತ್ತಿಗೆ ನಾನು ಮೂರನೇ ಅಧ್ಯಾಯ ಮುಗಿಸಿದ್ದೆ. ಅವರು ಒಂದೊಂದೇ ಪುಸ್ತಕ ಎತ್ತಿ ನೋಡಿದರು. ನೀಲಿಯದರ ಒಂಟಿ ಚೀಟಿ ನೋಡಿ ತಲೆಯಾಡಿಸಿದರು. ಬೂದು ಪುಸ್ತಕ ಮುಳ್ಳುಹಂದಿಯಂತೆ ಚೀಟಿ ನಿಮಿರಿಸಿಕೊಂಡು ಕೂತಿತ್ತು.

"ಪಾಪ, ಇದು ನಿನ್ನ ಚೆನ್ನಾಗಿ ಗೋಳು ಹುಯ್ಕೊಂಡಿದೆ. ಕೆಂಪಲ್ಲಿ ಒಂದೂ ಇಲ್ಲ. ಸರಿ, ಕೆಂಪೇ ತರ್ಸೋಣ."

"ಹಾಗಾದ್ರೆ ಉಳಿದೆರಡನ್ನ ಇವತ್ತೇ ಕಟ್ಟಿ ಕಳ್ಸಿಬಿಡ್ತೀನಿ," ಎಂದರು ಪಕ್ಕದ ಮೇಜಿನಲ್ಲಿದ್ದ ಲೈಬ್ರರಿಯನ್. "ದಾರ ತಗೊಂಬಾಮ್ಮ."

ದಾರ ತಂದೆ. ನೀಲಿಯ ಮೇಲೆ ಬೂದು ಪುಸ್ತಕವಿಟ್ಟು ದಾರ ಸುತ್ತಿದೆ. ಗಂಟು ಹಾಕಲು ಕೈ ಬರಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ. ಕಟ್ಟು ಹೊರಟುಹೋದರೆ ಎಂದಿಗೂ ಗೊತ್ತಾಗುವುದಿಲ್ಲ.

"ಸಾರ್," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಕೆಂಪು ಬೇಡ ಸಾರ್."

"ಯಾಕಮ್ಮಾ? ಎಲ್ಲೂ ತಡವರಿಸಿಲ್ಲವಲ್ಲ?"

"ಅದು ಮಾಡು ಅಂತು, ಮಾಡ್ದೆ. ಯಾಕೆ ಅಂತ ಅದೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಮನೇಲಿ ಹೇಳಿದ್ ಕೆಲ್ಸ ಮಾಡ್ತೀನಲ್ಲ, ಹಾಗೇ."

ಲೈಬ್ರರಿಯನ್ ನಕ್ಕರು. ಮೇಷ್ಟ್ರು ನಗಲಿಲ್ಲ. "ಮತ್ತೆ ಇದರಲ್ಲಿ ಇಷ್ಟೊಂದು ಚೀಟಿ?"

"ಅಲ್ಲೆಲ್ಲ ಏನೋ ಕೇಳ್ಬೇಕು ಅನ್ನಿಸ್ತು."

"ಯಾವುದಾದ್ರೂ ಒಂದು ಹೇಳು, ನೋಡೋಣ."

"ಒಂದು ಕ್ಷಣ ಅಂದ್ರೆ... ಅಷ್ಟರಲ್ಲಿ ಹೊತ್ತೇ ಕಳ್ದಿರಲ್ಲ, ನೀರೂ ಏರಿರಲ್ಲ. ಹಾಗಿರೋವಾಗ ಆ ಕ್ಷಣದಲ್ಲಿ ಇಷ್ಟು ವೇಗ ಅಂತ ಹೇಗೆ ಹೇಳೋದು?"

ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಉತ್ತರ ಸಿಕ್ತಾ?"

"ಅರ್ಧ ಸಿಕ್ತು. ಉಳಿದದ್ದು ನಾಲ್ಕರಲ್ಲಿ ಹೇಳ್ತೀವಿ ಅಂತಿದೆ. ಅದನ್ನ ಕಳ್ಸಬೇಡಿ ಸಾರ್."

ಅವರು ದಾರ ಬಿಚ್ಚಿ ಬೂದು ಪುಸ್ತಕ ಕೈಗೆತ್ತಿಕೊಂಡರು. "ನನ್ನ ಲೆಕ್ಕವೇ ತಲೆಕೆಳಗಾಗಿತ್ತು ನೋಡಿ," ಎಂದು ಲೈಬ್ರರಿಯನ್ನರಿಗೆ ಹೇಳಿ, ಪುಟ ತಿರುವುತ್ತಲೇ ಹೊರಟುಹೋದರು. ಪುಸ್ತಕವೂ ಅವರೊಂದಿಗೆ ಹೋಯಿತು. ಕೇಳಲು ನನಗೆ ಬಾಯಿ ಬರಲಿಲ್ಲ. ಒಂದೇ ದಿನಕ್ಕೆ ಅಷ್ಟು ಮಾತಾಡಿದ್ದೇ ಹೆಚ್ಚು.

ತರಗತಿಗಳು ಶುರುವಾಗುವ ದಿನ ಪೆಟ್ಟಿಗೆಗಳು ಬಂದವು. ಎಲ್ಲ ಬೂದು ರಟ್ಟಿನವೇ. ಮುದ್ರೆ ಒತ್ತುವಾಗ ಪ್ರತಿಯೊಂದನ್ನೂ ನಾಲ್ಕನೇ ಅಧ್ಯಾಯದ ಹತ್ತಿರ ತೆರೆಯುತ್ತಿದ್ದೆ. ಒಂದೆರಡು ಸಾಲು ಓದುವಷ್ಟರಲ್ಲಿ ಲೈಬ್ರರಿಯನ್ "ಬೇಗ ಬೇಗ" ಎನ್ನುತ್ತಿದ್ದರು. ಕೌಂಟರಿನ ಮುಂದೆ ಸಾಲು ಬಾಗಿಲ ತನಕ ಬೆಳೆದಿತ್ತು. ಒಂದು ಪ್ರತಿಯಾದರೂ ಕಪಾಟಿನಲ್ಲಿ ಉಳಿಯಲಿ ಎಂದು ಪೆಟ್ಟಿಗೆಯ ತಳದಲ್ಲೊಂದು ಬಿಟ್ಟಿದ್ದೆ. ಕೊನೆಯಲ್ಲಿ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಬಂದಳು.

"ಎಲ್ಲ ಖಾಲಿ ಆಯ್ತಾ ಅಕ್ಕಾ?"

ಆಯ್ತು ಎಂದುಬಿಟ್ಟಿದ್ದರೆ ಹೋಗುತ್ತಿದ್ದಳು. ಬಗ್ಗಿ ಆ ಪ್ರತಿ ತೆಗೆದುಕೊಟ್ಟೆ.

"ತುಂಬಾ ಕಷ್ಟನಾ ಇದು?" ಎಂದು ಹೆದರಿಕೊಂಡೇ ಕೇಳಿದಳು.

"ಮೂರನೇ ಅಧ್ಯಾಯದ ತನಕ ಇಲ್ಲ."

"ಆಮೇಲೆ?"

"ನನಗೆ ಗೊತ್ತಿಲ್ಲ. ಓದಿದ ಮೇಲೆ ನನಗೂ ಒಂದ್ಸಲ ಹೇಳ್ತೀರಾ?"

ತಮಾಷೆ ಮಾಡುತ್ತಿದ್ದೇನೆಂದುಕೊಂಡು ಅವಳು ನಕ್ಕಳು. ಗಂಟೆ ಹೊಡೆಯಿತು. ಪುಸ್ತಕವನ್ನು ಎದೆಗವಚಿಕೊಂಡು ಎದುರಿನ ತರಗತಿಗೆ ಓಡಿದಳು. ಖಾಲಿ ಪೆಟ್ಟಿಗೆಗಳನ್ನು ಹೊರಗಿಡುವ ನೆಪದಲ್ಲಿ ನಾನೂ ಪಡಸಾಲೆಗೆ ಬಂದೆ. ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರ ಹೆಸರೂ ಮುಗಿಯುವವರೆಗೆ ಕೇಳುತ್ತಾ ನಿಂತಿದ್ದೆ.