ಬೆಲೆ ಇರುವ ತುದಿ

ಕಾಮಸಮುದ್ರದ ಕಡೆಯ ನರಸಮ್ಮನಿಗೆ ಬಂಗಾರಪೇಟೆಯ ಮೆಡಿಕಲ್ ಸ್ಟೋರಿನ ಸುಬ್ರಮಣಿ ದೇವರಂಥ ಮನುಷ್ಯ. ಬೇರೆ ಅಂಗಡಿಯವರು ಮಾತ್ರೆಯ ಹಾಳೆ ಪೂರ್ತಿ ತಗೊಳ್ಳಿ, ಇಲ್ಲದಿದ್ದರೆ ಹೋಗಿ ಎನ್ನುತ್ತಿದ್ದರು. ಇವನು ಕೂಲಿಯವರ ಕಷ್ಟ ಬಲ್ಲವನಂತೆ ಕತ್ತರಿ ತೆಗೆದು ನಾಲ್ಕೇ ಮಾತ್ರೆ ಕತ್ತರಿಸಿ ಕೊಡುತ್ತಿದ್ದ. ಬೆಲೆ ಅಚ್ಚಾದ ತುದಿ ಮಾತ್ರ ಅವನ ಡಬ್ಬಿಯಲ್ಲೇ ಉಳಿಯುತ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನ ಕೈಯ ಕಡೆ ಯಾರು ನೋಡುತ್ತಾರೆ?

ಅವಳ ಗಂಡ ಕೋದಂಡಪ್ಪನಿಗೆ ಫಿಟ್ಸ್. ದಿನಕ್ಕೆ ಎರಡು ಮಾತ್ರೆ ಅಂದಿದ್ದರು ಡಾಕ್ಟರು. ಬೆಲೆ ಎಟುಕದೆ ನರಸಮ್ಮ ಒಂದೇ ಕೊಡುತ್ತಾ ಬಂದಳು. ಕಳೆದ ವಾರ ಅವನು ಉರಿಯುವ ಒಲೆಯ ಮೇಲೆ ಬಿದ್ದ. ಬಲಗೈ ಬೆಂದುಹೋಯಿತು.

ಇವತ್ತು ಅಂಗಡಿಗೆ ಬಂದರೆ ಗೋಡೆಯ ಮೇಲೊಂದು ಹೊಸ ಬೋರ್ಡು. ಔಷಧಿಗಳ ಬೆಲೆ ಜನರಿಗೆ ಕಾಣುವಂತೆ ಹಾಕಬೇಕೆಂದು ಕಾನೂನಂತೆ. ಹಾಕಿದ್ದಾನೆ ಪುಣ್ಯಾತ್ಮ, ಸೂರಿನ ಹತ್ತಿರ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಕುರುಡನ ಕೈಗೆ ಕನ್ನಡಿ ಕೊಟ್ಟು ಕಾನೂನು ಪಾಲಿಸಿದೆ ಎನ್ನುವ ಬುದ್ಧಿಗೆ ಬೆಂಕಿ ಬೀಳಲಿ.

ನಮ್ಮ ಮಾತ್ರೆ ಎಷ್ಟಂತೆ, ಓದಣ್ಣ ಎಂದು ನರಸಮ್ಮ ಕೇಳಿದಳು. ಅದೆಲ್ಲ ಆಫೀಸರುಗಳಿಗೆ, ನಿನಗ್ಯಾಕೆ ಎಂದು ನಕ್ಕು ಅವನು ಮಾತ್ರೆಯ ಹಾಳೆ ತೆಗೆದು ಕತ್ತರಿ ಎತ್ತಿಕೊಂಡ. ಆ ನಗುವನ್ನು ಅವಳು ಸಹಿಸಲಾರದೆ ಹೋದಳು. ಅವನ ಕೈಯಿಂದ ಹಾಳೆಯನ್ನು ಕಿತ್ತುಕೊಂಡು, ಪಕ್ಕದಲ್ಲಿ ನಿಂತಿದ್ದ ತಮ್ಮೂರಿನ ಅಂಗನವಾಡಿ ಟೀಚರ್ ಇಂದ್ರಾಣಿಗೆ ಕೊಟ್ಟಳು. ಇಂದ್ರಾಣಿ ತುದಿಯಲ್ಲಿದ್ದ ಬೆಲೆ ಓದಿದಳು. ನಾಲ್ಕು ಮಾತ್ರೆಗೆ ಅವನು ಕೀಳುತ್ತಿದ್ದ ದುಡ್ಡಿಗೆ ಹತ್ತು ಮಾತ್ರೆಯ ಇಡೀ ಹಾಳೆಯೇ ಬರುತ್ತಿತ್ತು.

ನರಸಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ದುಡ್ಡು ಸಾಲದೆ ಒಂದೇ ಮಾತ್ರೆ ಕೊಟ್ಟದ್ದು, ಗಂಡನ ಕೈ ಬೆಂದದ್ದು, ಎಲ್ಲವನ್ನೂ ನಾಲ್ಕು ಜನರ ಮುಂದೆ ಅವನ ಮುಖಕ್ಕೆ ಹೇಳಿದಳು. ಸುಬ್ರಮಣಿ ಮೊದಲು ತಡವರಿಸಿದ. ದುಡ್ಡು ಬೇಡ, ಪೂರ್ತಿ ಹಾಳೆ ತಗೊಂಡು ಹೋಗು ಎಂದ. ಅವಳು ಕದಲದಿದ್ದಾಗ ದನಿ ಏರಿಸಿದ.

"ಕಮ್ಮಿ ಕೊಡು ಅಂತ ನಾನೇನಾದ್ರೂ ಅಂದ್ನಾ? ಒಂದೇ ಕೊಟ್ಟೋಳು ನೀನಲ್ವಾ?"

ಆ ಮಾತು ಸುಳ್ಳಾಗಿದ್ದರೆ ಚೆನ್ನಾಗಿತ್ತು. ನರಸಮ್ಮನ ಕಣ್ಣಲ್ಲಿ ನೀರು ತುಂಬಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗಿ ಅಂಗಡಿಯ ಹೊಸ್ತಿಲ ಮೇಲೆ ಕುಳಿತಳು. ಅಣ್ಣ ಎನ್ನುವ ಮಾತು ಅವಳ ನಾಲಿಗೆಯಿಂದ ಬಿದ್ದುಹೋಗಿತ್ತು.

"ಔದು ಕಣ್ಲಾ, ನಾನೇ ಕೊಟ್ಟಿದ್ದು. ಸಾಯೋಗಂಟ ಆ ಸುಟ್ಟ ಕೈಯೋನ ಬಾಯಿಗೆ ನಾನೇ ತುತ್ತು ಇಡ್ಬೇಕು. ಅದುಕ್ಕೇ ನಿನ್ನ ಬಿಡಲ್ಲ."

ಔಷಧಿ ಅಂಗಡಿ ನೋಡುವ ಆಫೀಸರನ್ನು ಕರೆಸು ಎಂದು ಇಂದ್ರಾಣಿಗೆ ಹೇಳಿದಳು. ಇಂದ್ರಾಣಿ ಫೋನು ತೆಗೆದಳು. ಸುಬ್ರಮಣಿ ಓಡಿಬಂದು ಶಟರಿಗೆ ಕೈ ಹಾಕಿದ. ನರಸಮ್ಮ ಅದರ ಕೆಳಗೇ ಕುಳಿತಿದ್ದಳು.