ಬುದ್ಧಿ ಕಲಿಸಿದವರು

ಶಾಮ್‌ಶೂಯ್‌ಪೋ ಮಾರುಕಟ್ಟೆಯಲ್ಲಿ ನನ್ನ ತೋಫು ಅಂಗಡಿಯ ಎದುರಿಗೇ ಲಾಯ್‌ಫಾನಳ ಮೀನಿನ ಅಂಗಡಿ. ಅವಳು ಮೋ ಎನ್ನುವವನಿಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲನೆಯವಳು ತೀರಿಕೊಂಡಾಗ ಮಗಳು ಹೋಯ್‌ಕೀ ಇನ್ನೂ ಚಿಕ್ಕವಳು. ಈಗ ಬೆಳೆದ ಹುಡುಗಿ. ಚಿಕ್ಕಮ್ಮನ ಪಕ್ಕ ನಿಂತು ಮೀನು ಹಸನು ಮಾಡುತ್ತಾಳೆ. ಇಬ್ಬರ ನಡುವೆ ಜಗಳವಿರಲಿಲ್ಲ. ಹೆಚ್ಚು ಮಾತೂ ಇರಲಿಲ್ಲ.

ಒಂದು ಬೆಳಿಗ್ಗೆ ಹೋಯ್‌ಕೀ ಚೆಲ್ಲಿದ ಮೀನಿನ ನೀರು ಪಕ್ಕದ ಫೂನ್ ಅಜ್ಜಿಯ ಸೊಪ್ಪಿನ ಬುಟ್ಟಿಗೆ ಸಿಡಿಯಿತು.

“ಕಣ್ಣು ಕಾಣಲ್ವೇನೇ?”

“ಬಾಡಿದ ಸೊಪ್ಪು ಅಜ್ಜಿ, ನೀರು ಬಿದ್ದಿದ್ದು ಒಳ್ಳೇದೇ ಆಯ್ತಲ್ಲ!”

ಅಜ್ಜಿಯ ಸಿಟ್ಟು ನೆತ್ತಿಗೇರಿತು. “ಹುಟ್ಟಿಸೋಕೆ ಅಪ್ಪ ಇದ್ದ, ಬುದ್ಧಿ ಕಲಿಸೋಕೆ ಅಮ್ಮ ಇರ್ಲಿಲ್ಲ!”

ನಮ್ಮಲ್ಲಿ ಈ ಬೈಗುಳ ಎಲ್ಲರ ಬಾಯಲ್ಲೂ ಓಡಾಡುವಂಥದ್ದೇ. ಆದರೆ ತಾಯಿ ಸತ್ತ ಹುಡುಗಿಗೆ ಯಾರೂ ಅದನ್ನು ಅನ್ನುವುದಿಲ್ಲ. ಹೋಯ್‌ಕೀಯ ಮುಖ ಬಿಳಿಚಿತು. ಅಜ್ಜಿಯೂ ನಾಲಿಗೆ ಕಚ್ಚಿಕೊಂಡಳು.

ಲಾಯ್‌ಫಾನ್ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು ಮುಂದೆ ಬಂದಳು. ಇನ್ನೇನು ಜುಟ್ಟು ಜುಟ್ಟು ಹಿಡಿಯುತ್ತಾರೆ ಎಂದೇ ನಾವೆಲ್ಲ ಅಂದುಕೊಂಡೆವು.

“ಇವಳದ್ದು ತಪ್ಪೇ ಅಜ್ಜಿ. ಆ ಸೊಪ್ಪೆಲ್ಲ ನಾನೇ ತಗೋತೀನಿ. ಆದ್ರೆ ಇಷ್ಟು ವರ್ಷ ಇವಳ ಜೊತೆ ನಾನಿದೀನಿ. ಬುದ್ಧಿ ಸಾಲ್ದು ಅನ್ಸಿದ್ರೆ ನನ್ನನ್ನ ಬೈಯ್ರಿ. ಯಾರೂ ಇರ್ಲಿಲ್ಲ ಅಂತ ಮಾತ್ರ ಅನ್ಬೇಡಿ.”

ಹೋಯ್‌ಕೀ ಚಿಕ್ಕಮ್ಮನನ್ನೇ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

“ತಪ್ಪಾಯ್ತು ಅಜ್ಜಿ. ಆದ್ರೆ ನೀವು ಹೇಳಿದ್ದು ಉಲ್ಟಾ. ಬುದ್ಧಿ ಕಲಿಸೋಕೆ ನಂಗೆ ಇಬ್ರು ಅಮ್ಮಂದಿರು. ಏನೂ ಕಲಿಸದೇ ಇರೋನು ನಮ್ಮಪ್ಪ!”

ಐಸ್ ಹೊತ್ತು ಬರುತ್ತಿದ್ದ ಮೋ ಬೆಪ್ಪಾಗಿ ನಿಂತ. ಸುತ್ತಲಿನವರೆಲ್ಲ ಗೊಳ್ಳೆಂದರು.

“ನನ್ ಗಂಡನೂ ಹಂಗೇ ಇದ್ದ ಕಣೇ,” ಎಂದು ಅಜ್ಜಿ ಒದ್ದೆಯಾಗದ ಒಂದು ಕಟ್ಟು ಸೊಪ್ಪನ್ನು ಲಾಯ್‌ಫಾನಳ ಕೈಗೆ ತುರುಕಿದಳು.

ಆ ವಸಂತದಲ್ಲಿ ಹಿರಿಯರ ಸಮಾಧಿ ಗುಡಿಸುವ ಹಬ್ಬ ಬಂತು. ಪ್ರತಿ ವರ್ಷ ಲಾಯ್‌ಫಾನ್ ಮೊದಲನೆಯವಳ ಸಮಾಧಿಗೆಂದು ಅಪ್ಪ-ಮಗಳ ಕೈಗೆ ಸುಟ್ಟ ಹಂದಿಮಾಂಸ, ಕಿತ್ತಳೆಹಣ್ಣು ಕಟ್ಟಿಕೊಟ್ಟು, ತಾನು ಅಂಗಡಿಯಲ್ಲೇ ಉಳಿಯುತ್ತಿದ್ದಳು.

“ಈ ಸಲ ನೀವೂ ಬನ್ನಿ ಚಿಕ್ಕಮ್ಮ,” ಎಂದಳು ಹೋಯ್‌ಕೀ.

ಗುಡ್ಡ ಹತ್ತಿ ಊದುಬತ್ತಿ ಹಚ್ಚಿದ ಮೇಲೆ ಲಾಯ್‌ಫಾನ್ ಸಮಾಧಿಕಲ್ಲಿನ ಮೇಲಿನ ಫೋಟೋಗೆ ತಲೆಬಾಗಿ, “ಹುಡುಗಿ ಚೆನ್ನಾಗಿದಾಳೆ ಅಕ್ಕ. ಬಾಯಿ ಮಾತ್ರ ಸ್ವಲ್ಪ ಜೋರು,” ಎಂದಳಂತೆ.

“ಬಾಯಿ ಆ ಅಮ್ಮಂದು, ಬುದ್ಧಿ ಈ ಅಮ್ಮಂದು,” ಎಂದು ಹೋಯ್‌ಕೀ ಅವಳ ತೋಳು ಹಿಡಿದುಕೊಂಡಳಂತೆ.